ಎಡಗಡೆಯ ಬಾಗಿಲು

ಊರೆಲ್ಲ ಅವನನ್ನು ಕಿವಿಮೇಸ್ತ್ರಿ ಅಂತಲೇ ಕರೆಯುತ್ತಿತ್ತು. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಓಡುತ್ತಿರುವ ಎಂಜಿನ್ನಿಗೆ ಒತ್ತಿ, ಹಿಡಿಯನ್ನು ಕಿವಿಗೆ ಆನಿಸಿ ಎರಡು ನಿಮಿಷ ನಿಂತನೆಂದರೆ ಯಾವ ಬೇರಿಂಗ್ ಸವೆದಿದೆ, ಯಾವ ವಾಲ್ವ್ ಸಡಿಲವಾಗಿದೆ ಅಂತ ಬಿಚ್ಚದೆಯೇ ಹೇಳಿಬಿಡುತ್ತಿದ್ದ. ದೆವ್ವ ಗಿವ್ವ ಅಂದವರ ಮಾತನ್ನು ಒಂದು ಕಿವಿಯಲ್ಲಿ ಕೇಳಿ ಇನ್ನೊಂದರಲ್ಲಿ ಬಿಡುವ ಆಸಾಮಿ.

ಅವನ ಅಕ್ಕನದು ಬಟ್ಟೆ ಒಗೆಯುವ ಕೆಲಸ. ಮನೆ ಹಿಂದಿನ ಶೆಡ್ಡಿನಲ್ಲಿ ಮೂರು ದೊಡ್ಡ ಮೆಷಿನ್ನು. ಎರಡು ಲಾಡ್ಜು, ಒಂದು ಆಸ್ಪತ್ರೆಯ ಬೆಡ್‌ಶೀಟುಗಳು ಅಲ್ಲಿ ಒಗೆತವಾಗಿ, ಇಸ್ತ್ರಿಯಾಗಿ, ಬೆಳಿಗ್ಗೆ ಎಂಟರೊಳಗೆ ವಾಪಸ್ ತಲುಪಬೇಕು. ಭಾವ ತೀರಿಕೊಂಡ ಮೇಲೆ ಅವರ ಹಳೆಯ ಪಿಕಪ್ಪಿನ ಸ್ಟೀರಿಂಗನ್ನು ಅಕ್ಕನೇ ಹಿಡಿದಿದ್ದಳು. ಆ ಪಿಕಪ್ಪು ಒಂದು ದಿನ ಏರಿನಲ್ಲಿ ದಡಾರ್ ಅಂತ ಸದ್ದು ಮಾಡಿ, ಎಣ್ಣೆಯನ್ನೆಲ್ಲ ರಸ್ತೆಗೆ ಕಕ್ಕಿ ಕೈ ಕೊಟ್ಟಿತು. ಮೇಸ್ತ್ರಿ ಬಗ್ಗಿ ನೋಡಿದರೆ ಎಂಜಿನ್ನಿನ ಪಕ್ಕೆಯಲ್ಲಿ ಮುಷ್ಟಿ ಹಿಡಿಸುವಷ್ಟು ತೂತು.

"ಇದರ ಕತೆ ಮುಗೀತು ಕಣಕ್ಕ. ಬೇರೆ ಎಂಜಿನ್ನೇ ಕೂರಿಸಬೇಕು."

"ಕೂರಿಸು ಮತ್ತೆ. ಗಾಡಿ ಮಾತ್ರ ಬದಲಾಯಿಸಲ್ಲ ನಾನು."

ಗುಜರಿ ಅಂಗಡಿಯಲ್ಲಿ ಒಂದು ಬಿಳಿ ವ್ಯಾನಿನ ಎಂಜಿನ್ ಸಿಕ್ಕಿತು. ವಯಸ್ಸಾಗಿದ್ದರೂ ಸಾಕಿದವರ ಕೈ ಗುಣ ಕಾಣುತ್ತಿತ್ತು, ಒಂದು ಹನಿ ಎಣ್ಣೆ ಸೋರಿದ ಗುರುತಿಲ್ಲ. ಆದರೆ ವ್ಯಾನಿನ ಎಂಜಿನ್ ಪಿಕಪ್ಪಿಗೆ ಸುಮ್ಮನೆ ಕೂರುತ್ತದೆಯೇ? ಮೇಸ್ತ್ರಿ ಎಂಜಿನ್ ಕೂರುವ ಹಳೆಯ ಮೌಂಟುಗಳನ್ನು ಕತ್ತರಿಸಿ ಹೊಸ ಜಾಗದಲ್ಲಿ ವೆಲ್ಡ್ ಮಾಡಿದ. ಎಂಜಿನ್ನಿಗೂ ಗೇರ್‌ಬಾಕ್ಸಿಗೂ ಬೋಲ್ಟ್ ತೂತು ಹೊಂದದೆ, ನಡುವೆ ಒಂದು ದಪ್ಪ ಕಬ್ಬಿಣದ ಪ್ಲೇಟು ಕೊರೆಸಿ ಹಾಕಿದ. ಆರನೆಯ ದಿನ ಕೀಲಿ ತಿರುಗಿಸಿದರೆ ಒಂದೇ ಸಲಕ್ಕೆ ಸ್ಟಾರ್ಟು. ಸ್ಕ್ರೂಡ್ರೈವರ್ ಇಟ್ಟು ಕೇಳಿದ. ಉಂಡು ಮಲಗಿದ ಮಗುವಿನ ಉಸಿರಿನ ಹಾಗಿತ್ತು.

ಒಂದು ವಾರ ಕಳೆದಿರಲಿಲ್ಲ, ಬೆಳಿಗ್ಗೆ ಅಕ್ಕನ ಫೋನು.

"ಲೋ, ನೀನೇನಾದ್ರೂ ಬಂದು ಗಾಡಿ ತಗೊಂಡು ಹೋಗಿದ್ಯಾ?"

"ನಾನ್ಯಾಕೆ ತಗೊಂಡು ಹೋಗ್ಲಿ?"

"ಬಾನೆಟ್ಟು ಬೆಚ್ಚಗಿದೆ. ನಾಲ್ಕು ದಿನದಿಂದ ನೋಡ್ತಿದ್ದೀನಿ. ಬೀದಿ ಬೆಕ್ಕೆಲ್ಲ ಅದರ ಮೇಲೇ ಮಲಗಿರುತ್ತೆ."

ಮೇಸ್ತ್ರಿ ನಕ್ಕು ಹೋಗಿ ನೋಡಿದ. ನಗು ಅಲ್ಲೇ ನಿಂತಿತು. ರೇಡಿಯೇಟರ್ ಮುಚ್ಚಳ ಮುಟ್ಟಲಾಗದಷ್ಟು ಬಿಸಿ. ಕಿಲೋಮೀಟರಿನ ಅಂಕಿ ಹಿಂದಿನ ದಿನ ಅಕ್ಕ ನಿಲ್ಲಿಸಿದಾಗ ಇದ್ದದ್ದೇ. ಎಲ್ಲೋ ವೈರು ತಾಗಿರಬೇಕು ಅಂದುಕೊಂಡು ವೈರಿಂಗನ್ನೆಲ್ಲ ಹೊಸದು ಮಾಡಿದ. ಮರುದಿನವೂ ಬಿಸಿ. ರಾತ್ರಿ ಬ್ಯಾಟರಿಯನ್ನೇ ಕಳಚಿ ಅಡುಗೆಮನೆಯಲ್ಲಿಟ್ಟ. ಬಿಸಿ. ರೇಡಿಯೇಟರ್ ಬದಲಾಯಿಸಲು ಹೊರಟಾಗ ಅಕ್ಕ ತಡೆದಳು.

"ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕಬೇಡ. ಒಂದು ದಿನ ಬೇಗ ಬಂದು ಕಣ್ಣಾರೆ ನೋಡು."

ಮಾರನೆಯ ಬೆಳಿಗ್ಗೆ ಐದಕ್ಕೇ ಅವನು ಅಂಗಳದಲ್ಲಿದ್ದ. ಶೆಡ್ಡಿನಲ್ಲಿ ಅಕ್ಕ ಇಸ್ತ್ರಿ ಹಾಕುತ್ತಿದ್ದಳು, ಹಬೆಯ ವಾಸನೆ ಬರುತ್ತಿತ್ತು. ಬಾನೆಟ್ ಎತ್ತಿ ಎಂಜಿನ್ನಿನ ಮೇಲೆ ಅಂಗೈ ಇಟ್ಟ. ಕಬ್ಬಿಣ ಮಂಜುಗಡ್ಡೆಯಂತಿತ್ತು. ಬ್ಯಾಟರಿ ಇಲ್ಲ, ಡೀಸೆಲ್ ಪೈಪನ್ನೂ ಹಿಂದಿನ ರಾತ್ರಿಯೇ ಕಳಚಿಟ್ಟಿದ್ದ. ಕೈ ತೆಗೆಯದೆ ನಿಂತೇ ಇದ್ದ. ಐದೂವರೆ ಆಗುತ್ತಿದ್ದ ಹಾಗೆ ಅಂಗೈ ಕೆಳಗೆ ಚಳಿ ಸರಿಯಿತು. ಮಕ್ಕಳ ಹಣೆಗೆ ಜ್ವರ ಏರುವ ಹಾಗೆ ಕಾವು ಒಳಗಿನಿಂದ ಮೆಲ್ಲಗೆ ಮೇಲೆ ಬಂತು. ಫ್ಯಾನು ತಿರುಗಲಿಲ್ಲ, ಬೆಲ್ಟು ಅಲುಗಲಿಲ್ಲ. ಸ್ಕ್ರೂಡ್ರೈವರ್ ಇಟ್ಟು ಕೇಳಿದ. ಇಪ್ಪತ್ತೆಂಟು ವರ್ಷದ ಕೆಲಸದಲ್ಲಿ ಮೊದಲ ಸಲ ಅವನ ಕಿವಿಗೆ ಏನೂ ಕೇಳಲಿಲ್ಲ. ಹತ್ತೇ ನಿಮಿಷದಲ್ಲಿ ಕೈ ಸುಟ್ಟಂತಾಗಿ ಹಿಂದಕ್ಕೆ ಎಳೆದುಕೊಂಡ.

ಅವತ್ತೇ ಗುಜರಿಯವನ ಹತ್ತಿರ ವಿಳಾಸ ಕೇಳಿಕೊಂಡು ವ್ಯಾನಿನ ಹಳೆಯ ಯಜಮಾನನ ಮನೆಗೆ ಹೋದ. ಕೆಲಸದಿಂದ ನಿವೃತ್ತನಾದ ಡ್ರೈವರು. ಮೂರನೆಯ ಮಹಡಿಯ ಎರಡು ಕೋಣೆಯ ಮನೆ, ಬಾಗಿಲ ಬಳಿ ಮಡಚಿಟ್ಟ ಗಾಲಿಕುರ್ಚಿ. ಮೇಸ್ತ್ರಿ ಎಂಜಿನ್ನಿನ ಮಾತೆತ್ತಿದ್ದೇ ತಡ, ಮುದುಕ ಕೇಳಿದ:

"ಬೆಳಿಗ್ಗೆ ಬಿಸಿ ಆಗುತ್ತಾ?"

ಮೇಸ್ತ್ರಿ ತಲೆಯಾಡಿಸಿದ.

"ನನ್ನ ಹೆಂಡತಿಗೆ ಕಿಡ್ನಿ ತೊಂದರೆ. ಹನ್ನೊಂದು ವರ್ಷ ಆಸ್ಪತ್ರೆಗೆ ಕರ್ಕೊಂಡು ಹೋದೆ. ರಕ್ತ ಕಡಿಮೆ, ಯಾವಾಗಲೂ ಚಳಿ ಚಳಿ ಅನ್ನೋಳು. ಅವಳು ಹತ್ತೋ ಹೊತ್ತಿಗೆ ಒಳಗೆ ಬೆಚ್ಚಗಿರಲಿ ಅಂತ ಐದೂವರೆಗೇ ಸ್ಟಾರ್ಟ್ ಮಾಡಿ ಬಿಡ್ತಿದ್ದೆ. ಅವಳು ಹೋದ ಮೇಲೆ ಕೀಲಿ ಮುಟ್ಟಲಿಲ್ಲ ಸ್ವಾಮಿ, ಆಣೆ ಮಾಡ್ತೀನಿ. ಆದ್ರೂ ಬಿಸಿ ಆಗ್ತಿತ್ತು."

"ನೀವೇನು ಮಾಡಿದ್ರಿ?"

"ವ್ಯಾನಿನ ಬಾಗಿಲಿಗೆ ಬೀಗ ಹಾಕಿದೆ. ಅವತ್ತು ಮಧ್ಯಾಹ್ನದವರೆಗೂ ಆರಲಿಲ್ಲ. ನೀರು ಕುದಿದು ಉಕ್ಕಿ ಬಂತು. ಕಾಯ್ತಿತ್ತು ಅಂತ ಕಾಣುತ್ತೆ. ನೋಡಕ್ಕಾಗದೆ ಗುಜರಿಗೆ ಹಾಕಿದೆ. ಒಡೆದು ಹಾಕಿರ್ತಾರೆ ಅಂದ್ಕೊಂಡಿದ್ದೆ." ಗಾಲಿಕುರ್ಚಿಯ ಕಡೆ ನೋಡಿ, "ಒಂದ್ಸಲ ಬಂದು ನೋಡಿ ಅಂತ ಮಾತ್ರ ಕೇಳಬೇಡಿ," ಅಂದ.

ಮೇಸ್ತ್ರಿ ಅಕ್ಕನ ಮುಂದೆ ಎಲ್ಲ ಹೇಳಿ, "ನಾಳೆನೇ ಬಿಚ್ಚಿ ಎಸೀತೀನಿ, ಬೇರೆ ಎಂಜಿನ್ ನೋಡಿಟ್ಟಿದ್ದೀನಿ," ಅಂದ. ಅಕ್ಕ ದಿಂಬಿನ ಕವರು ಮಡಚುತ್ತಿದ್ದಳು. ಮಡಚುವುದನ್ನು ನಿಲ್ಲಿಸಲಿಲ್ಲ.

"ಎಸೆದ್ರೆ ಆಯಮ್ಮ ಎಲ್ಲಿಗೆ ಹೋಗಬೇಕು?"

"ಅಕ್ಕ, ತಲೆ ನೆಟ್ಟಗಿದೆಯಾ ನಿಂಗೆ?"

"ಎಡಗಡೆ ಸೀಟಲ್ಲಿ ನಾನು ಬಟ್ಟೆ ಗಂಟು ತುಂಬಿ ಬಾಗಿಲು ಲಾಕ್ ಮಾಡಿಡ್ತೀನಲ್ಲ, ತಪ್ಪು ಅಲ್ಲೇ ಇರಬೇಕು. ನೀನು ಬ್ಯಾಟರಿ ಹಾಕಿ, ಪೈಪು ಜೋಡಿಸಿ ಹೋಗು."

ಮೂರು ದಿನ ಅವನು ಆ ಕಡೆ ತಲೆ ಹಾಕಲಿಲ್ಲ. ನಾಲ್ಕನೆಯ ಬೆಳಿಗ್ಗೆ ಮನಸ್ಸು ತಡೆಯದೆ ಹೋದ. ಗಂಟುಗಳೆಲ್ಲ ಹಿಂದಿನ ತೊಟ್ಟಿಯಲ್ಲಿದ್ದವು. ಮುಂದಿನ ಸೀಟಿಗೆ ಒಗೆದ ಕಂಬಳಿ ಹಾಸಿತ್ತು. ಅಕ್ಕ ಕೈ ಒರೆಸಿಕೊಂಡು ಬಂದು ಎಡಗಡೆಯ ಬಾಗಿಲು ತೆಗೆದು, ಒಂದು ಹೆಜ್ಜೆ ಹಿಂದೆ ಸರಿದು ನಿಂತಳು, ವಯಸ್ಸಾದವರು ಹತ್ತುವಾಗ ಮನೆಯವರು ನಿಲ್ಲುವ ಹಾಗೆ. ಮೇಸ್ತ್ರಿಯ ಕಣ್ಣು ಅಭ್ಯಾಸಬಲದಿಂದ ಚಕ್ರದ ಮೇಲಿತ್ತು. ಟೈರಿಗೂ ಮಡ್‌ಗಾರ್ಡಿಗೂ ನಡುವಿನ ಸಂದು ಒಂದು ಬೆರಳಿನಷ್ಟು ಕಡಿಮೆಯಾಯಿತು. ಎಡಗಡೆ ಸ್ಪ್ರಿಂಗು ಕಿರ್ರ್ ಅಂದಿತು. ಅಕ್ಕ ಮೆಲ್ಲಗೆ ಬಾಗಿಲು ಹಾಕಿದಳು.

"ನಾನೂ ಬರ್ತೀನಿ," ಅಂದ ಅವನು.

"ಹಿಂದೆ ಕೂತ್ಕೋ. ಮುಂದೆ ಜಾಗ ಇಲ್ಲ."

ಅವನು ಬೆಡ್‌ಶೀಟುಗಳ ನಡುವೆ ಕೂತ. ಹಿಂದಿನ ಗಾಜಿನಲ್ಲಿ ಅಕ್ಕನ ತಲೆಯೊಂದೇ ಕಾಣುತ್ತಿತ್ತು. ದಾರಿಯಲ್ಲಿ ಒಂದು ಕಡೆ ಅವಳು ಕೈ ಚಾಚಿ ಎಡಗಡೆಯ ಗಾಜನ್ನು ಪೂರ್ತಿ ಏರಿಸಿದಳು. ಆಸ್ಪತ್ರೆಯ ಹಿಂದಿನ ಗೇಟಿನಲ್ಲಿ ನಿಲ್ಲಿಸಿ, ಸುತ್ತು ಬಂದು ಮತ್ತೆ ಆ ಬಾಗಿಲು ತೆಗೆದು ನಿಂತಳು. ಸ್ಪ್ರಿಂಗು ಮೇಲೆದ್ದಿತು. ಅವರಿಬ್ಬರೂ ಸೇರಿ ಗಂಟುಗಳನ್ನು ಇಳಿಸಿದರು.

ವಾಪಸ್ ಹೊರಡುವಾಗ ಅಕ್ಕ ನೇರವಾಗಿ ಹೋಗಿ ಸ್ಟೀರಿಂಗ್ ಹಿಡಿದು ಕೂತಳು.

"ಈಗ ಬಾಗಿಲು ತೆಗೆಯಲ್ವಾ?" ಕೇಳಿದ ಮೇಸ್ತ್ರಿ.

"ಮೊದಲ ದಿನ ತೆಗೆದು ಅರ್ಧ ಗಂಟೆ ಕಾದೆ ಕಣೋ. ಬರಲಿಲ್ಲ." ಅಕ್ಕ ಕೀಲಿ ತಿರುಗಿಸಿದಳು. "ಈಗ ಜಾಗ ಖಾಲಿ ಇದೆ, ಬಾ, ಮುಂದೆ ಕೂತ್ಕೋ."

ಅವನು ಆ ಕಂಬಳಿಯನ್ನು ನೋಡಿದ. ನಡುವೆ ಯಾರೋ ಕೂತೆದ್ದ ಹಾಗೆ ಗುಂಡಿ ಬಿದ್ದಿತ್ತು.

"ಬೇಡಕ್ಕ," ಅಂದ. "ನಡೆದೇ ಬರ್ತೀನಿ."