ಮಟ್ಟಿಗೆ ಇಳಿಯದ ಕುಸ್ತಿ

ಕೆಂಚವೀರಪ್ಪನವರಿಗೆ ಮೂರು ದಿನದಿಂದ ರೊಟ್ಟಿ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಬೇರೆ ಯಾರ ರೊಟ್ಟಿ ನಿಂತರೂ ದಾವಣಗೆರೆ ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ; ಗರಡಿಯ ಉಸ್ತಾದರ ರೊಟ್ಟಿ ನಿಂತಿದೆ ಎಂದರೆ ಊರಿಗೆ ಊರೇ ಕಾರಣ ಹೇಳಲು ತಯಾರು. ಹರಿಹರದ ಹೊಳೆದಂಡೆಯಲ್ಲಿ ಕುಸ್ತಿ ಇಟ್ಟಿದ್ದರು. ಅದಕ್ಕೆ ಸೊಲ್ಲಾಪುರದಿಂದ ಒಬ್ಬ ಭಾರಿ ಪೈಲ್ವಾನ ಬರುವವನಿದ್ದ. ಅವನಿಗೆ ಎದುರಾಗಿ ಈ ಗರಡಿಯಿಂದ ಒಬ್ಬನನ್ನು, ಒಬ್ಬನನ್ನೇ, ಕಳಿಸಬೇಕು. ಆ ತೂಕದವರು ಗರಡಿಯಲ್ಲಿದ್ದದ್ದು ಇಬ್ಬರು. ಒಬ್ಬ ಬಟ್ಟೆ ಗಿರಣಿಯಲ್ಲಿ ದುಡಿಯುವ ಮುನಾಫ್, ಇಪ್ಪತ್ತೈದರ ಹುಡುಗ. ಇನ್ನೊಬ್ಬ ಉಸ್ತಾದರ ಸ್ವಂತ ಮಗ ಅಂಜಿನಪ್ಪ, ಮೂವತ್ತನಾಲ್ಕು ತುಂಬಿದವನು.

ಇಬ್ಬರಿಗೂ ಕುಸ್ತಿ ಹಿಡಿಸಿ ನೋಡಿದರಾಯಿತಲ್ಲ ಎನ್ನುತ್ತೀರಿ. ಹಾಗೆನ್ನುವವರು ಗರಡಿಯ ಹೊಸ್ತಿಲು ತುಳಿದವರಲ್ಲ ಬಿಡಿ! ಒಂದೇ ಗರಡಿಯ ಮಟ್ಟಿಯನ್ನು, ಅಂದರೆ ಆ ಕೆಂಪು ಮಣ್ಣನ್ನು, ಮೈಗೆ ಹಚ್ಚಿಕೊಂಡವರು ಗುರುಬಂಧುಗಳು. ಸೋಲು ಗೆಲುವಿಗೆ ಎದುರುಬದುರು ನಿಲ್ಲುವಂತಿಲ್ಲ. ದಿನಾ ಬೆಳಗ್ಗೆ ಅಭ್ಯಾಸಕ್ಕೆ ಹಿಡಿಯುತ್ತಾರೆ, ನಿಜ. ಅಲ್ಲಿ ಒಬ್ಬ ಬಿದ್ದರೆ ಇನ್ನೊಬ್ಬ ಕೈ ಕೊಟ್ಟು ಎಬ್ಬಿಸಿ, ಮರ್ಯಾದೆಗೆ ತಾನೂ ಒಮ್ಮೆ ಬೀಳುತ್ತಾನೆ. ಆರು ವರ್ಷ ಹೀಗೆ ಬಿದ್ದು ಎದ್ದವರಲ್ಲಿ ಯಾರು ಮೇಲು ಎಂದು ಗೋಡೆಯ ಮೇಲಿನ ಹನುಮಪ್ಪನೂ ಹೇಳಲಾರ.

ಉಳಿದದ್ದು ಒಂದೇ ದಾರಿ: ಹಿಡಿದಿದ್ದರೆ ಏನಾಗುತ್ತಿತ್ತು ಎಂದು ಊಹಿಸುವುದು. ಆ ಕೆಲಸಕ್ಕೆ ದಾವಣಗೆರೆಯಲ್ಲಿ ಜನಕ್ಕೇನು ಬರವೇ? ಚಹಾದಂಗಡಿಯ ಬೆಂಚಿನ ಮೇಲೆ ಹತ್ತಿ ದಲಾಲಿ ಕಲ್ಲೇಶಪ್ಪ ಉಸ್ತಾದರನ್ನು ಹಿಡಿದು ಕೂರಿಸಿದ.

"ನೋಡ್ರಿ ಉಸ್ತಾದ್ರ, ಮುನಾಫ್ ರಾಣೆಬೆನ್ನೂರಿನವನ್ನ ಕೆಡವಿದ. ರಾಣೆಬೆನ್ನೂರಿನವ ಹರಪನಹಳ್ಳಿಯವನ್ನ ಕೆಡವಿದ. ಹರಪನಹಳ್ಳಿಯವನ ಜೋಡಿ ನಿಮ್ಮ ಅಂಜಿನಪ್ಪಂದು ಸಮ ಸಮ. ಅಂದಮ್ಯಾಲೆ ಮುನಾಫೇ ಮೇಲಲ್ಲೇನ್ರಿ?"

"ಅದೆಂಗೆ?" ಎಂದು ಗುತ್ತೂರಿನಿಂದ ಬಂದಿದ್ದ ತಿಪ್ಪೇರುದ್ರಪ್ಪ ಲೋಟ ಕುಕ್ಕಿದ. "ಅದೇ ರಾಣೆಬೆನ್ನೂರಿನವನ್ನ ಕೆಡವಾಕ ಮುನಾಫ್‌ಗೆ ಅರ್ಧ ತಾಸು ಬೇಕಾತು. ಅಂಜಿನಪ್ಪ ಮೂರೇ ನಿಮಿಷದಾಗ ಚಿತ್ ಮಾಡಿದ್ದ!"

"ಆವತ್ತು ಅವಂಗೆ ಜ್ವರ ಇತ್ತು."

"ಜ್ವರ ಇದ್ದಿದ್ದು ಹರಪನಹಳ್ಳಿಯವಂಗೆ!"

ಯಾರ ಜ್ವರ ಯಾವ ಕುಸ್ತಿಯದೋ, ಕೆಂಚವೀರಪ್ಪನವರಿಗೆ ತಮಗೇ ಮೈ ಬಿಸಿಯಾದಂತಾಯಿತು. ಒಂದು ಮಾತು ಕೇಳಿದರೆ ಮುನಾಫ್ ಮೇಲು, ಇನ್ನೊಂದು ಕೇಳಿದರೆ ಅಂಜಿನಪ್ಪ ಮೇಲು. ಚಹಾ ಅರ್ಧಕ್ಕೇ ಬಿಟ್ಟು ಮನೆಗೆ ಬಂದರು.

ಮನೆಯಲ್ಲಿ ಹೆಂಡತಿ ಕೊಟ್ರವ್ವ ಬಾಗಿಲಲ್ಲೇ ತಡೆದಳು. "ಮುನಾಫ್‌ಗೆ ಇನ್ನೂ ಹತ್ತು ವರ್ಷ ಐತೆ ರೀ. ನಮ್ಮ ಹುಡುಗಂಗೆ ಇಂಥ ಕುಸ್ತಿ ಮತ್ತೆ ಸಿಗಾಕಿಲ್ಲ. ಅವನು ಬಾಯಿ ಬಿಟ್ಟು ಕೇಳಾಕಿಲ್ಲ, ಅದಕ್ಕ ನಾ ಹೇಳ್ತೀನಿ."

"ವಯಸ್ಸು ನೋಡಿ ಕಳಿಸಾಕ ಅದೇನು ಬೀಗರ ಊಟ ಏನೇ?" ಎಂದು ರೇಗಿದರು. ರೇಗಿದ ಮೇಲೆ ಸಂಕಟವಾಯಿತು. ಮಗನ ಹೆಸರು ಹೇಳಿದರೆ ಮಗನಿಗೇ ಮಾಡಿಕೊಂಡ ಎನ್ನುತ್ತಾರೆ. ಮುನಾಫನ ಹೆಸರು ಹೇಳಿದರೆ ನ್ಯಾಯವಂತ ಎಂದು ಹೊಗಳುತ್ತಾರೆ. ಆ ಹೊಗಳಿಕೆಯ ಆಸೆಗೇ ಹೇಳಿಬಿಡುತ್ತೇನೇನೋ ಎಂದು ತಮ್ಮ ಮೇಲೆ ತಮಗೇ ಅನುಮಾನ.

ಮರುದಿನ ಬೆಳಗ್ಗೆ ಗರಡಿಯ ಕಟ್ಟೆಯ ಮೇಲೆ ಕುಳಿತು ಕಣ್ಣು ಮುಚ್ಚಿದರು. ಬೇರೆಯವರ ಜ್ವರ, ಬೇರೆಯವರ ನಿಮಿಷ ಯಾವುದೂ ಬ್ಯಾಡ. ತಮ್ಮ ಮೂವತ್ತರ ಮೈ ತಮಗೆ ಗೊತ್ತು. ಆ ಮೈಯನ್ನೇ ಮನಸ್ಸಿನಲ್ಲಿ ಮಟ್ಟಿಗೆ ಇಳಿಸಿ, ಇಬ್ಬರ ಜೊತೆಗೂ ಹಿಡಿಸಿ ನೋಡುವುದು. ಮುನಾಫ್ ಮೊದಲ ಸಲ ಅವರನ್ನು ಕೆಡವಿದ. ಎರಡನೇ ಸಲ ಅವರು ಕೆಡವಿದರು. ಮೂರನೇ ಸಲ ಮತ್ತೆ ಮುನಾಫನೇ, ಭಲೇ! ಆಮೇಲೆ ಮಗನ ಜೊತೆ ಹಿಡಿದರು. ಏಳು ಸಲ ಹಿಡಿದರೂ ಅಂಜಿನಪ್ಪ ಒಮ್ಮೆಯೂ ಗೆಲ್ಲಲಿಲ್ಲ. ಸದ್ಯ, ಗೊಂದಲ ಹರಿಯಿತು ಎಂದು ಉಸಿರು ಬಿಟ್ಟರು.

ಮಧ್ಯಾಹ್ನ ಹರಿಹರದಿಂದ ಕುಸ್ತಿ ಇಟ್ಟವರ ಕಡೆಯ ಬೊಮ್ಮಣ್ಣ ಕುಸ್ತಿಯ ವೀಳ್ಯ ಹಿಡಿದು ಬಂದ. ಮುನಾಫನ ಹೆಸರು ಹೇಳಿ ವೀಳ್ಯ ತೆಗೆದುಕೊಂಡರು. ತೆಗೆದುಕೊಂಡ ವೀಳ್ಯವನ್ನು ಹಿಂದಿರುಗಿಸುವ ಪದ್ಧತಿ ಇಲ್ಲ.

ಸಂಜೆ ಗರಡಿಯಲ್ಲಿ ಅಂಜಿನಪ್ಪ ಮಟ್ಟಿ ಅಗೆದು ಹದ ಮಾಡುತ್ತಿದ್ದ. ಅಪ್ಪ ಬಂದದ್ದು ನೋಡಿ ಸನಿಕೆ ನಿಲ್ಲಿಸಿದ. ಸಿಟ್ಟೇನೂ ಇರಲಿಲ್ಲ, ಮುಖ ಮಾತ್ರ ಬಾಡಿತ್ತು.

"ಮುನಾಫ್ ಹೋಗ್ಲಿ, ಚಲೋ ಆತು. ಆದ್ರ ಹೆಂಗೆ ಗೊತ್ತು ಮಾಡಿದಿ ಅಪ್ಪಾ?"

ಕೆಂಚವೀರಪ್ಪನವರು ಮುಚ್ಚುಮರೆ ಇಲ್ಲದೆ ಹೇಳಿದರು. ಮಗ ಪೂರ್ತಿ ಕೇಳಿ ಅಂದ:

"ಏಳು ಸಲದಾಗ ಒಂದ್ಸಲಾನೂ ಇಲ್ಲ. ನಂಗ ಗೆಲ್ಲಾಕ ಆಗ್ಲಿಲ್ಲೋ, ನೀನು ಬೀಳಾಕ ಒಪ್ಪಲಿಲ್ಲೋ?"

ಇದೆಂಥ ಮಾತೋ ಎಂದು ಬೈಯಲು ಹೊರಟರು. ಅಷ್ಟರಲ್ಲಿ ಮಗನ ಜೊತೆಗಿನ ಮೂರನೇ ಸಲದ್ದು ಕಣ್ಣಿಗೆ ಕಟ್ಟಿತು. ಮಗ ನಡು ಹಿಡಿದು ಎತ್ತಿಯೇಬಿಟ್ಟಿದ್ದ. ಅವರ ಕಾಲು ನೆಲ ಬಿಟ್ಟಿತ್ತು. ಆಗ ತಾವೇ ಕಣ್ಣು ತೆರೆದು, ಎದ್ದು ಒಂದು ಚೊಂಬು ನೀರು ಕುಡಿದು, ಇದು ಲೆಕ್ಕಕ್ಕಿಲ್ಲ ಎಂದು ಮೊದಲಿನಿಂದ ಶುರು ಮಾಡಿದ್ದರು. ಮುನಾಫನ ಕೈಯಲ್ಲಿ ಬೀಳಲು ಅವರಿಗೆ ನಾಚಿಕೆಯಾಗಿರಲಿಲ್ಲ. ಮಗನ ಕೈಯಲ್ಲಿ ಬೀಳಲು, ಅದೂ ಮನಸ್ಸಿನೊಳಗೆ, ಯಾರೂ ನೋಡದ ಕಡೆ, ಆಗಲಿಲ್ಲ. ಹಾಗಾದರೆ ಮಗನೇ ಮೇಲೋ? ಅದೂ ಗೊತ್ತಿಲ್ಲ. ಇನ್ನೆಂದೂ ಗೊತ್ತಾಗುವುದಿಲ್ಲ ಎಂಬುದಷ್ಟೇ ಗೊತ್ತಾಯಿತು.

"ನೀ ಎತ್ತಿದ್ದೆಪ್ಪಾ. ನಾನೇ ಕಣ್ಣು ತೆಗೆದೆ. ತಪ್ಪು ಮಾಡ್ಬಿಟ್ಟೆ" ಎಂದರು.

ಅಂಜಿನಪ್ಪ ಸನಿಕೆಯನ್ನು ಗೋಡೆಗೆ ಒರಗಿಸಿ ಹತ್ತಿರ ಬಂದ. ಮೂವತ್ತನಾಲ್ಕು ವರ್ಷದ ಆ ದೊಡ್ಡ ಗಂಡಸು ಸಣ್ಣ ದನಿಯಲ್ಲಿ ಕೇಳಿದ:

"ಎಷ್ಟೆತ್ತರ ಎತ್ತಿದ್ದೆ ಅಪ್ಪಾ?"