ಹತ್ತಿ ರಾಶಿಯ ಹಿಂದಿನ ವಾಯರು

ಗೌರಕ್ಕನಿಗೆ ಸಾಕುಸಾಕಾಗಿತ್ತು. ಮಗಳು ರೋಹಿಣಿ ಬಾಣಂತನಕ್ಕೆ ಬಂದಾಗಿನಿಂದ ಮನೆಯಲ್ಲಿ ಫ್ಯೂಜು ಹೋಗದ ದಿನವಿಲ್ಲ. ಬಚ್ಚಲಲ್ಲಿ ನೀರು ಕಾಯಿಸುವ ಕರೆಂಟಿನ ಕಾಯಿಲ್ ಬಿಟ್ಟು, ಅಡುಗೆಮನೆಯಲ್ಲಿ ಕರೆಂಟಿನ ಒಲೆಯ ಮೇಲೆ ಸಜ್ಜಕಕ್ಕೆ ಎಸರಿಟ್ಟರೆ ಮುಗಿಯಿತು, ಮನೆಯೆಲ್ಲ ಕತ್ತಲೆ. ಮೈಗೆ ಎಣ್ಣೆ ಹಚ್ಚಿಕೊಂಡ ಬಾಣಂತಿ "ಯವ್ವಾ, ನೀರು ಕಾದಿಲ್ಲ" ಎಂದು ಬಚ್ಚಲಿಂದ ಒದರುವುದು, ಕೂಸು ಬೆಚ್ಚಿ ಅಳುವುದು, ಗೌರಕ್ಕ ಗಂಡನನ್ನು ಹುಡುಕಿಕೊಂಡು ಕಟ್ಟೆಗೆ ಓಡುವುದು, ಇದೇ ಆಗಿತ್ತು.

ಈ ವಾರ ಫ್ಯೂಜು ಹೋಗುವುದು ನಿಂತಿತು. ಗೌರಕ್ಕನ ತಲೆಬಿಸಿ ಮಾತ್ರ ಇನ್ನೂ ಹೆಚ್ಚಾಯಿತು.

"ಏನ್ ಮಾಡೀರಿ ಅದಕ್ಕ?" ಎಂದು ಗಂಡ ಮಡಿವಾಳೆಪ್ಪನನ್ನು ಕೇಳಿದಳು.

"ಹಳೇ ಪಂಪಿನ ಕೇಬಲ್ ಕಿತ್ತು, ದಪ್ಪನ್ನ ತಾಮ್ರದ ಎಳಿ ಹಾಕೇನಿ. ಇನ್ನ ಅದರಪ್ಪ ಬಂದ್ರೂ ಹೋಗಂಗಿಲ್ಲ."

"ಸುಟ್ಟ ವಾಸನಿ ಬರಾಕತ್ತೈತಲ್ರಿ."

"ನಿನ್ನ ರೊಟ್ಟಿ ಹೊತ್ತಿರಬೇಕು ತಗೀ."

ಈ ಮನುಷ್ಯನಿಗೆ ಹೇಳುವುದೂ ಒಂದೇ, ಗೋರ್ಕಲ್ಲಿನ ಮೇಲೆ ಮಳೆ ಸುರಿಯುವುದೂ ಒಂದೇ. ಪಡಸಾಲೆಯಲ್ಲಿ ಹತ್ತಿ ಜಂತಿ ಮುಟ್ಟುವಷ್ಟು ಬಿದ್ದಿತ್ತು. ದರ ಏರಲಿ ಎಂದು ಕುಂದಗೋಳ ಸೀಮೆಯ ರೈತರು ಹತ್ತಿಯನ್ನು ಮನೆಯೊಳಗೇ ಇಟ್ಟುಕೊಳ್ಳುತ್ತಾರೆ, ಮನೆಮಂದಿ ಗೋಡೆ ಸವರಿಕೊಂಡು ಓಡಾಡುತ್ತಾರೆ. ಮೇನ್ ಬೋರ್ಡಿನಿಂದ ಅಡುಗೆಮನೆಗೂ ಬಚ್ಚಲಿಗೂ ಹೋಗುವ ಒಂದೇ ವಾಯರು ಆ ರಾಶಿಯ ಹಿಂದೆಯೇ ಹಾದಿತ್ತು. ಬಾಣಂತಿಯ ಖೋಲಿ ಅದರಾಚೆಗೆ. ಅಲ್ಲಿಂದ ಹೊರಗೆ ಬರಲು ಪಡಸಾಲೆ ಬಿಟ್ಟರೆ ಬೇರೆ ದಾರಿ ಇಲ್ಲ.

ಅಂದು ಮಧ್ಯಾಹ್ನ ರೋಹಿಣಿಯ ಗೆಳತಿ ಜಾಸ್ಮಿನ್ ಕೂಸಿಗೆ ಕುಲಾವಿ ತಗೊಂಡು ಬಂದಳು. ಅವಳು ಐಟಿಐನಲ್ಲಿ ಹುಡುಗರಿಗೆ ಕರೆಂಟಿನ ಕೆಲಸ ಕಲಿಸುತ್ತಾಳೆ. ಹೊಸ್ತಿಲು ದಾಟಿದವಳು ಕೂಸನ್ನೂ ನೋಡದೆ ಮೂಗು ಏರಿಸಿದಳು, ಮೇನ್ ಬೋರ್ಡು, ಅಡುಗೆಮನೆ, ಬಚ್ಚಲು ಎಲ್ಲ ಇಣುಕಿ ಬಂದಳು.

"ಕಾಕಾ, ಕಾಯಿಲ್ಲು, ಒಲಿ, ಎರಡೂ ಈ ಲೈಟಿನ ವಾಯರಿಗೇ ಹಚ್ಚೀರೇನ್ರಿ?"

"ಹೂಂ. ಸರ್ಕಾರ ಕರೆಂಟು ಪುಕ್ಕಟೆ ಕೊಡ್ತೈತಿ, ಬಿಲ್ಲು ಸೊನ್ನಿ ಬರ್ತೈತಿ. ಹಚ್ಚಾಕ ಏನು?"

"ಬಿಲ್ಲು ಬರಂಗಿಲ್ಲ ಖರೆ. ಅದು ವಾಯರಿಗೆ ಗೊತ್ತಿಲ್ರಿ. ಕಾಯಿಲ್ ಮ್ಯಾಲ ಸಾವಿರದ ಐದುನೂರು ವ್ಯಾಟ್ ಅಂತ ಬರದೈತಿ, ಒಲಿ ಮ್ಯಾಲ ಎರಡು ಸಾವಿರ. ಕೂಡಿ ಮೂರೂವರಿ ಸಾವಿರ. ಮನಿಗೆ ಬರೂ ವೋಲ್ಟು ಇನ್ನೂರಾ ಮೂವತ್ತು. ವ್ಯಾಟನ್ನ ವೋಲ್ಟಿನಿಂದ ಭಾಗಿಸಿದ್ರ ಆಂಪಿಯರ್ ಬರ್ತಾವು, ಅಂದ್ರ ವಾಯರಿನಾಗ ಹರಿಯೂ ಕರೆಂಟು. ಹದಿನೈದರ ಮ್ಯಾಲಾತು. ನಿಮ್ಮ ಫ್ಯೂಜು ಐದು ಆಂಪಿಯರಿಂದು. ಅದಕ್ಕಿಂತ ಜಾಸ್ತಿ ಹರಿದ್ರ ಹೋಗೂದೇ ಅದರ ಕೆಲಸ. ನೀವು ದಪ್ಪನ್ನ ಎಳಿ ಹಾಕಿ ಕಾವಲು ಕಾಯೋನ್ನ ಕೈಕಾಲು ಕಟ್ಟಿ ಕುಂಡರ್ಸೀರಿ."

"ಅದೆಲ್ಲ ಪುಸ್ತಕದ ಲೆಕ್ಕ. ನಮ್ಮಪ್ಪ ಹಾಕ್ಸಿದ ವಾಯರು, ಗಟ್ಟಿ ಐತಿ."

"ನಿಮ್ಮಪ್ಪನ ಕಾಲಕ್ಕ ಈ ಮನ್ಯಾಗ ಇದ್ದದ್ದು ಎರಡು ಬಲ್ಬು, ಒಂದು ರೇಡಿಯೋ" ಎಂದಳು ಗೌರಕ್ಕ.

"ಜಗಳ ಯಾಕ್ರಿ, ಅಳದ ನೋಡೂಣು" ಎಂದು ಜಾಸ್ಮಿನ್ ಸ್ಕೂಟಿಯ ಡಿಕ್ಕಿಯಿಂದ ಮೀಟರ್ ತಂದಳು. ಗೌರಕ್ಕ ಕಾಯಿಲ್ಲು, ಒಲೆ ಎರಡನ್ನೂ ಹಚ್ಚಿದಳು. ಮೇನ್ ಬೋರ್ಡಿನಲ್ಲಿ ಇನ್ನೂರಾ ಮೂವತ್ತು ವೋಲ್ಟ್. ಬಚ್ಚಲ ಬೋರ್ಡಿನಲ್ಲಿ ಇನ್ನೂರಾ ಹದಿನಾರು. ವೋಲ್ಟು ತಗ್ಗಿದ್ದರಿಂದ ವಾಯರಿನಲ್ಲಿ ಹರಿಯುತ್ತಿದ್ದದ್ದು ಲೆಕ್ಕಕ್ಕಿಂತ ತುಸು ಕಡಿಮೆ, ಹದಿನಾಲ್ಕು ಆಂಪಿಯರ್. ನೋಡಿದ್ದೇ ತಡ, ಜಾಸ್ಮಿನ್ ಮೇನ್ ಆರಿಸಿಬಿಟ್ಟಳು.

"ಹದಿನಾಲ್ಕು ವೋಲ್ಟು ದಾರ್ಯಾಗ ಹೋದ್ವು ಕಾಕಾ. ಎಲ್ಲಿ ಹೋದ್ವು?"

"ಹೋಗ್ಲಿ ಬಿಡು. ಹದಿನಾಲ್ಕು ಏನ್ ಮಹಾ."

"ಆ ವೋಲ್ಟನ್ನ ಆಂಪಿಯರಿನಿಂದ ಭಾಗಿಸ್ರಿ. ವಾಯರು ಕರೆಂಟನ್ನ ಎಷ್ಟು ತಡೀತೈತಿ ಅಂತ ಗೊತ್ತಾಗ್ತೈತಿ, ಅದಕ್ಕ ರೋಧ ಅಂತಾರ. ಹದಿನಾಲ್ಕನ್ನ ಹದಿನಾಲ್ಕರಿಂದ ಭಾಗಿಸಿದ್ರ ಒಂದು ಓಮ್. ಇಷ್ಟು ಸಣ್ಣ ಹಾದಿಗೆ ಅದು ಭಾಳಾತು. ಎಲ್ಲೋ ಜಾಯಿಂಟು ಸಡ್ಲ ಆಗೈತಿ. ಇನ್ನ ಅದೇ ವೋಲ್ಟು, ಅದೇ ಆಂಪಿಯರು, ಗುಣಿಸಿದ್ರ ವ್ಯಾಟ್ ಬರ್ತೈತಿ. ಹದಿನಾಲ್ಕ ಹದಿನಾಲ್ಕಲೆ?"

"ನೂರಾ ತೊಂಬತ್ತಾರು" ಎಂದಳು ಗೌರಕ್ಕ.

"ಹಳೇ ನೂರು ವ್ಯಾಟಿನ ಹಳದಿ ಬಲ್ಬು ನೆನಪೈತೇನ್ರಿ? ಉರಿಯೂವಾಗ ಕೈ ಹಚ್ಚಾಕ ಬರ್ತಿರಲಿಲ್ಲ. ಅಂಥಾ ಎರಡು ಬಲ್ಬಿನ ಕಾವು ಈ ವಾಯರಿನಾಗ ಐತಿ, ಅದರಾಗೂ ಆ ಜಾಯಿಂಟಿನಾಗ. ನಿಮ್ಮ ಹತ್ತಿ ಹಿಂದ."

ಒಳಗೆ ಕೂಸು ಕುಂಯ್ ಅಂದಿತು. ಮಡಿವಾಳೆಪ್ಪ ಖೋಲಿಯ ಬಾಗಿಲು ನೋಡಿದ, ಹತ್ತಿ ನೋಡಿದ. ಆಮೇಲೆ ಎರಡೂ ಕೈಯಿಂದ ರಾಶಿಯನ್ನು ಎಳೆದು ಅಂಗಳಕ್ಕೆ ಚೆಲ್ಲತೊಡಗಿದ. ಗೋಡೆ ಕಾಣಿಸಿತು. ಜಾಯಿಂಟಿಗೆ ಸುತ್ತಿದ್ದ ಟೇಪು ಕರಗಿ ಇಳಿದಿತ್ತು. ಅದಕ್ಕೆ ಅಂಟಿದ್ದ ಹತ್ತಿ ಚಹಾದ ಬಣ್ಣಕ್ಕೆ ತಿರುಗಿತ್ತು, ಅದರ ನಡುವೆ ಒಂದು ಎಸಳು ಪೂರಾ ಕರಿ.

ಗೌರಕ್ಕನಿಗೆ ಸಿಟ್ಟೂ ಬಂತು, ಅಳುವೂ ಬಂತು. "ಬಾಯಿ ಹರಕೊಂಡು ಹೇಳಿದ್ನಲ್ರಿ. ಒಳಗ ಹಸೀ ಬಾಣಂತಿ, ಹಸುಗೂಸು. ಹತ್ತಿ ಹತ್ತಿದ್ರ ಅವರು ಯಾ ಕಡೆ ಬರ್ತಿದ್ರು?"

ಮಡಿವಾಳೆಪ್ಪ ಹೆಂಡತಿಯ ಮುಖ ನೋಡಲಿಲ್ಲ. "ಏನೇನ್ ತರಬೇಕು ಹೇಳವಾ ಜಾಸ್ಮಿನ್" ಎಂದ.

"ಕಾಯಿಲ್ಲಿಗೊಂದು, ಒಲಿಗೊಂದು ದಪ್ಪನ್ನ ವಾಯರು ಬ್ಯಾರೆ ಬ್ಯಾರೆ ಎಳಸ್ರಿ. ಅವಕ್ಕ ತಕ್ಕ ಫ್ಯೂಜು, ಅರ್ಥಿಂಗ್. ಲೈಸೆನ್ಸ್ ಇದ್ದಾವ್ರ ಕಡಿಂದನ ಮಾಡ್ಸ್ರಿ. ಅಲ್ಲೀಮಟ ಎರಡನ್ನೂ ಹಚ್ಚಬ್ಯಾಡ್ರಿ."

ಸಂಜೆ ಬಾಣಂತಿಯ ನೀರಿಗೆ ಮಡಿವಾಳೆಪ್ಪನೇ ಹಿತ್ತಲಲ್ಲಿ ಕಟ್ಟಿಗೆ ಒಟ್ಟಿ, ಹೊಗೆಗೆ ಕೆಮ್ಮುತ್ತ ಒಲೆ ಊದಿದ. ಹೆಂಡತಿ ಹೋಗುತ್ತ ಬರುತ್ತ ಬೈದಳು, ಅವನು ಒಲೆಗೆ ಇನ್ನೊಂದು ಕಟ್ಟಿಗೆ ನೂಕಿದ.

ಅಕ್ಕಂದಿರೇ, ಅಣ್ಣಂದಿರೇ, ಫ್ಯೂಜು ಮತ್ತೆ ಮತ್ತೆ ಹೋದರೆ ಅದನ್ನು ಬೈಯಬೇಡಿ, ದಪ್ಪ ತಂತಿ ಹಾಕಿ ಅದರ ಬಾಯಿ ಮುಚ್ಚಬೇಡಿ. ನಿಮ್ಮ ಸಾಮಾನಿನ ಮೇಲೆ ಬರೆದ ವ್ಯಾಟುಗಳನ್ನು ಕೂಡಿಸಿ, ಇನ್ನೂರಾ ಮೂವತ್ತರಿಂದ ಭಾಗಿಸಿ. ಬಂದಷ್ಟು ಆಂಪಿಯರನ್ನು ನಿಮ್ಮ ವಾಯರು ತಾಳುತ್ತದೆಯೇ ಎಂದು ತಿಳಿದವರನ್ನು ಕೇಳಿ. ಹತ್ತಿ, ಹೊಟ್ಟು, ಚೀಲ ಏನಿದ್ದರೂ ವಾಯರಿನಿಂದ ದೂರ ಇಡಿ. ಕೇಳಿದಿರಲ್ಲ, ಈಗ ಎದ್ದು ಮೇನ್ ಆರಿಸಿ, ರಾಶಿ ಸರಿಸಿ ಗೋಡೆ ನೋಡಿ. ಒಳಗಿನ ಖೋಲಿಯಲ್ಲಿ ಯಾರು ಮಲಗಿದ್ದಾರೆ ಎಂದು ನೆನೆಸಿಕೊಂಡು ನೋಡಿ.