ಮಿಕ್ಕಿದ್ದೆಲ್ಲ ಕೆಳಗಿನ ಬೀದಿಗೆ

ಸಾವಿರದ ಒಂಬೈನೂರ ಐವತ್ತನಾಲ್ಕನೆಯ ಇಸವಿಯಲ್ಲಿ, ಮಂಡಿಕಲ್ ಹೋಬಳಿಯ ನಮ್ಮೂರಿನ ರೇಡಿಯೋದ ಗುಂಡಿ ತಿರುಗಿಸುವ ಹಕ್ಕು ಯಾರದು ಎಂಬ ಗುರುತರ ಪ್ರಶ್ನೆ ಲಿಖಿತ ಶಾಸನದ ಮೂಲಕ ಇತ್ಯರ್ಥವಾಯಿತು. ಶಾಸನದ ಮಾದರಿ ಜರ್ಮನಿಯದು. ಕಾಗದ ಪ್ರೈಮರಿ ಶಾಲೆಯದು.

ರೇಡಿಯೋ ಇದ್ದದ್ದು ಕೆಳಗಿನ ಬೀದಿಯ ವಾಚನಾಲಯದಲ್ಲಿ. ಪಂಚಾಯತಿ ಚುನಾವಣೆಯಲ್ಲಿ ಮೇಲಿನ ಬೀದಿಯವರು ಗೆದ್ದ ಮರುದಿನವೇ ಅವರ ಮುಖಂಡ ನರಸಿಂಹಪ್ಪನವರು ಎಂಟು ಜನರೊಡನೆ ಇಳಿದು ಬಂದು ವಾಚನಾಲಯಕ್ಕೆ ತಮ್ಮ ಬೀಗ ಜಡಿದರು. ಒಂದು ತಿಂಗಳು ಆಳಿದ ಮೇಲೆ ಆಳುವುದರ ಕಷ್ಟ ತಿಳಿಯಿತು. ಕಸ ಗುಡಿಸಬೇಕು, ಲಾಟೀನಿನ ಗಾಜು ಒರೆಸಬೇಕು, ಜಗಲಿಯಲ್ಲಿ ಮಲಗುವ ನಾಯಿ ಓಡಿಸಬೇಕು. ಗೆದ್ದವರು ಮಾಡುವ ಕೆಲಸಗಳೇ ಇವು?

ದಾರಿ ತೋರಿಸಿದವರು ಅನಂತರಾಮಯ್ಯ ಮೇಷ್ಟರು. ಅವರು ಪತ್ರಿಕೆಯನ್ನು ಕೊನೆಯ ಜಾಹೀರಾತಿನವರೆಗೂ ಓದುವವರು.

"ಯುದ್ಧ ಗೆದ್ದೋರು ಜರ್ಮನೀಲಿ ಏನು ಮಾಡಿದಾರೆ ಗೊತ್ತೇ? ನೀವೇ ಒಂದು ಸರ್ಕಾರ ಮಾಡ್ಕೊಳ್ಳಿ ಅಂತ ಸೋತೋರಿಗೆ ಬಿಟ್ಟಿದಾರೆ. ಮುಖ್ಯವಾದ್ದು ನಾಲ್ಕಾರು ಮಾತ್ರ ತಮ್ಮ ಕೈಲಿ. ಮಿಕ್ಕಿದ್ದೆಲ್ಲ ಅವರಿಗೆ. ಬೇಕು ಅನ್ನಿಸಿದ್ರೆ ಪೂರ್ತಿ ಅಧಿಕಾರ ವಾಪಸ್ ತಗೋತೀವಿ ಅಂತ ಒಂದು ಸಾಲು."

"ಆ ಸಾಲು ಚೆನ್ನಾಗಿದೆ, ದಪ್ಪಗೆ ಬರೀರಿ" ಎಂದರು ನರಸಿಂಹಪ್ಪನವರು.

ರೇಡಿಯೋ, ಪತ್ರಿಕೆ, ಕೈಯಿರುವ ಕುರ್ಚಿ ಮೇಲಿನ ಬೀದಿಗೆ, ಮಿಕ್ಕಿದ್ದೆಲ್ಲ ಕೆಳಗಿನ ಬೀದಿಗೆ ಎಂದು ಬರೆದಾಯಿತು. ಬ್ಯಾಟರಿ ಯಾರಿಗೆ ಎಂದು ಮೇಷ್ಟರು ಕೇಳಿದರು. ಊರಿಗೆ ಕರೆಂಟು ಬಂದಿರಲಿಲ್ಲ. ಹದಿನೈದು ದಿನಕ್ಕೊಮ್ಮೆ ಆ ಆಸಿಡ್ಡಿನ ಡಬ್ಬವನ್ನು ತಲೆಯ ಮೇಲೆ ಹೊತ್ತು, ಮೂರು ಮೈಲಿ ನಡೆದು ಬಸ್ಸು ಹತ್ತಿ, ಚಿಕ್ಕಬಳ್ಳಾಪುರದಲ್ಲಿ ಚಾರ್ಜು ಮಾಡಿಸಿಕೊಂಡು ಬರಬೇಕು. ಒಂದು ಹನಿ ತುಳುಕಿದರೆ ಪಂಚೆ ತೂತು.

"ಹೊರೋದೂ ಒಂದು ಅಧಿಕಾರವೇ ಮೇಷ್ಟ್ರೇ? ಮಿಕ್ಕಿದ್ರಲ್ಲಿ ಸೇರ್ಸಿ" ಎಂದರು ನರಸಿಂಹಪ್ಪನವರು.

ಮೇಷ್ಟರು ಸೇರಿಸಿದರು. ನರಸಿಂಹಪ್ಪನವರು ರುಜು ಹಾಕಿದರು. ಕೆಳಗಿನ ಬೀದಿಯವರು ತಮ್ಮ ಕಡೆಯ ಸೆಕ್ರೆಟರಿಯಾಗಿ ಬಯ್ಯಪ್ಪನನ್ನು ಆರಿಸಿದರು. ಅವನಿಗೆ ಒಂದು ಪೊರಕೆ ಮತ್ತು ಬ್ಯಾಟರಿ ಹಸ್ತಾಂತರವಾದವು.

ಎರಡು ತಿಂಗಳು ಎಲ್ಲ ಸರಿಯಾಗಿತ್ತು. ಆಮೇಲೆ ಗೌರಿಬಿದನೂರಿನಿಂದ ಕಾಗದ ಬಂತು. ಬಯ್ಯಪ್ಪನ ತಂಗಿ ವೆಂಕಟರತ್ನಮ್ಮನನ್ನು ಕೊಟ್ಟದ್ದು ಅಲ್ಲಿಗೆ. ಅಲ್ಲಿನ ಆರು ಜನ ಹೆಂಗಸರು ಬುಧವಾರ ಸಂಜೆ ಏಳಕ್ಕೆ ಮೈಸೂರು ಕೇಂದ್ರದಿಂದ ಸೋಬಾನೆ ಹಾಡುತ್ತಾರೆ, ಅವರಲ್ಲಿ ತಾನೂ ಒಬ್ಬಳು, ಅಮ್ಮನಿಗೆ ಕೇಳಿಸು ಎಂದು ಬರೆದಿದ್ದಳು. ಬಾಣಂತನ, ಅತ್ತೆಯ ಕಾಯಿಲೆ ಎಂದು ಅವಳು ತವರಿಗೆ ಬಾರದೆ ಎರಡು ವರ್ಷವಾಗಿತ್ತು. ತಾಯಿ ಕೊಂಡಮ್ಮನವರು ಆ ಕಾಗದವನ್ನು ಮಗನ ಕೈಯಲ್ಲಿ ಮೂರು ಸಲ ಓದಿಸಿದರು.

ಬಯ್ಯಪ್ಪ ಹೋಗಿ ಕೇಳಿದ.

"ಬುಧವಾರ ಏಳಕ್ಕೆ ನಾವು ಡೆಲ್ಲಿ ಹಾಕ್ತೀವಿ ಕಣೋ" ಎಂದರು ನರಸಿಂಹಪ್ಪನವರು.

ಡೆಲ್ಲಿಯ ಮಾತು ಹಿಂದಿಯಲ್ಲಿರುತ್ತಿತ್ತು. ಯಾರಿಗೂ ಅರ್ಥವಾಗದ್ದರಿಂದ ಯಾರೂ ಎದುರಾಡುತ್ತಿರಲಿಲ್ಲ. ಅದೇ ಅದರ ಘನತೆ.

"ನಾಲ್ಕು ನಿಮಿಷದ ಹಾಡು, ದೊಡ್ಡಪ್ಪ."

"ರೇಡಿಯೋ ಯಾರ್ದು? ಶಾಸನ ಓದ್ಕೊಂಡು ಬಾ, ಹೋಗು."

ಬಯ್ಯಪ್ಪ ನಿಜಕ್ಕೂ ಓದಿಕೊಂಡ. ಸೋಮವಾರ ರೇಡಿಯೋದ ದನಿ ಕುಗ್ಗಿತು. ಮಂಗಳವಾರ ಅವನು ಬ್ಯಾಟರಿ ಹೊತ್ತು ಚಿಕ್ಕಬಳ್ಳಾಪುರಕ್ಕೆ ಹೋದ. ಬುಧವಾರ ಸಂಜೆ ಆರೂವರೆಗೆ ಊರು ಸೇರಿದವನು, ವಾಚನಾಲಯಕ್ಕೆ ಹೋಗದೆ ಬ್ಯಾಟರಿಯನ್ನು ತನ್ನ ಜಗಲಿಯ ಮೇಲಿಟ್ಟು ಪಕ್ಕದಲ್ಲಿ ಕೂತ. ಸ್ವಲ್ಪ ಹೊತ್ತಿನಲ್ಲೇ ನರಸಿಂಹಪ್ಪನವರು ಸಪರಿವಾರ ಬಂದರು.

"ಏನ್ ಸೆಕ್ರೆಟರಿಗಳೇ, ಬ್ಯಾಟರಿಗೆ ಆಯಾಸವೋ?"

"ಅದು ಮಿಕ್ಕಿದ್ದು ದೊಡ್ಡಪ್ಪ. ಮಿಕ್ಕಿದ್ದು ನಮ್ದು ಅಂತ ನೀವೇ ರುಜು ಹಾಕಿದೀರಿ. ಮೈಸೂರಾದ್ರೆ ತರ್ತೀನಿ. ಡೆಲ್ಲಿಗಾದ್ರೆ ಅದು ಇಲ್ಲೇ ಇರುತ್ತೆ."

"ಹಂಗೋ! ಪೂರ್ತಿ ಅಧಿಕಾರ ವಾಪಸ್ ತಗೊಂಡೆ. ಮೇಷ್ಟ್ರೇ, ಓದಿ ಆ ದಪ್ಪ ಸಾಲು!"

ಮೇಷ್ಟರು ಓದಿ, ಕನ್ನಡಕ ತೆಗೆದು ಒರೆಸಿದರು. "ಧಾರಾಳವಾಗಿ ತಗೋಬೋದು. ತಗೊಂಡ್ರೆ ಪೊರಕೆ, ಲಾಟೀನು, ಬ್ಯಾಟರಿ ಹೊರೋದು, ಎಲ್ಲಾ ನಿಮ್ಮ ಕಡೆಗೇ ಬರುತ್ತೆ. ಯಾರ ಹೆಸರು ಬರ್ಕೊಳ್ಳಲಿ?"

ನರಸಿಂಹಪ್ಪನವರು ತಿರುಗಿ ತಮ್ಮ ಕಡೆಯವರನ್ನು ನೋಡಿದರು. ನಲ್ಲಪ್ಪ ತನ್ನ ಹೊಸ ಪಂಚೆ ನೋಡಿಕೊಂಡ. ಕೋನಪ್ಪನಿಗೆ ಇದ್ದಕ್ಕಿದ್ದಂತೆ ಹಸು ಕಟ್ಟುವುದು ನೆನಪಾಯಿತು. ಮಿಕ್ಕವರು ಆಕಾಶದಲ್ಲಿ ಮೋಡ ಹುಡುಕಿದರು.

ಬಾಗಿಲಲ್ಲಿ ನಿಂತಿದ್ದ ಕೊಂಡಮ್ಮನವರು ನರಸಿಂಹಪ್ಪನವರಿಗೆ ಹೇಳಿದರು: "ಯಾಕ್ ನಾಯನಾ ಹಿಂಗಾಡ್ತೀಯ? ಆ ಹುಡುಗಿ ಮದ್ವೇಲಿ ಎರಡು ಸಲ ಪಾಯಸ ಹಾಕಿಸ್ಕೊಂಡ್ಯಲ್ಲಪ್ಪ."

"ಮೂರು ಸಲ" ಎಂದ, ನರಸಿಂಹಪ್ಪನವರ ಕಡೆಯವನೇ ಆದ ನಲ್ಲಪ್ಪ.

ಏಳಕ್ಕೆ ಐದು ನಿಮಿಷವಿತ್ತು. ನರಸಿಂಹಪ್ಪನವರು ಸೊಂಟದಿಂದ ಬೀಗದ ಕೈ ತೆಗೆದರು. "ಎತ್ಕೊಳೋ. ಆದ್ರೆ ಗುಂಡಿ ನಾನೇ ತಿರುಗ್ಸೋದು."

"ಅದು ನಿಮ್ದೇ, ದೊಡ್ಡಪ್ಪ."

ಬಯ್ಯಪ್ಪ ತಂತಿ ಸಿಕ್ಕಿಸಿದ. ನರಸಿಂಹಪ್ಪನವರು ಕೈಯಿರುವ ಕುರ್ಚಿಯಲ್ಲಿ ಕೂತು, ಶಾಸನಬದ್ಧವಾಗಿ ಗುಂಡಿ ತಿರುಗಿಸಿ ಮೈಸೂರು ಹಿಡಿದರು. ಕೊಂಡಮ್ಮನವರು ಹೊಸ್ತಿಲ ಮೇಲೆ ಕೂತರು. ಆರು ದನಿಗಳು ಒಟ್ಟಿಗೆ ಬಂದವು.

"ಸಣ್ಣ ದನಿ ಇದ್ಯಲ್ಲ, ಅದು ನಮ್ ರತ್ನಂದು."

"ಶ್! ಕೇಳಕ್ಕೆ ಬಿಡಮ್ಮ" ಎಂದರು ನರಸಿಂಹಪ್ಪನವರು.

ಜರ್ಮನಿಯ ಶಾಸನ ಮರುವರ್ಷ ರದ್ದಾಯಿತು ಎಂದು ಮೇಷ್ಟರು ಓದಿ ಹೇಳಿದರು. ನಮ್ಮೂರಿನದನ್ನು ಯಾರೂ ರದ್ದು ಮಾಡಲಿಲ್ಲ. ಆ ಬುಧವಾರ ಕೊಂಡಮ್ಮನವರು ಹಾಡನ್ನು ಪೂರ್ತಿ ಕೇಳಿದರು.